ಶ್ರೋತೃಧರ್ಮ

ಮಾತನಾಡುವವನಿಗೆ ಧರ್ಮವುಂಟೆಂಬುದನ್ನು ಎಲ್ಲ ಶಾಸ್ತ್ರಗಳೂ ಒಪ್ಪುತ್ತವೆ. ಸತ್ಯವನ್ನು ನುಡಿಯಬೇಕು, ಹಿತವನ್ನು ನುಡಿಯಬೇಕು, ಮಿತವಾಗಿ ನುಡಿಯಬೇಕು ಎಂಬ ಉಪದೇಶವನ್ನು ಕೇಳದೆ ಬೆಳೆದ ಬಾಲಕನು ನಮ್ಮ ಮನೆಗಳಲ್ಲಿ ಇರಲಾರನು. ಆದರೆ ಕೇಳುವವನಿಗೂ ಒಂದು ಧರ್ಮವುಂಟೆ? ಕಿವಿಗೆ ಬಿದ್ದ ಮಾತಿಗೆ ಕಿವಿಯುಳ್ಳವನು ಹೊಣೆಯಾಗುವನೆ? ಬಾನುಲಿಯೂ ದೂರದರ್ಶನವೂ ನಮ್ಮ ಮನೆಗಳನ್ನು ಹೊಕ್ಕ ಮೇಲೆ ಈ ಪ್ರಶ್ನೆಗೆ ಹಿಂದೆಂದೂ ಇಲ್ಲದ ಭಾರವು ಬಂದಿದೆ. ಹಿಂದಿನ ಕಾಲದಲ್ಲಿ ಒಬ್ಬನು ಆಡಿದ ಮಾತನ್ನು ಹತ್ತು ಮಂದಿ ಕೇಳುತ್ತಿದ್ದರು. ಆ ಹತ್ತು ಮಂದಿಯೂ ಆಡುವವನ ಮುಖವನ್ನು ಕಾಣುತ್ತಿದ್ದರು, ಬೇಕಾದರೆ ನಡುವೆ ತಡೆದು ಪ್ರಶ್ನಿಸುತ್ತಿದ್ದರು. ಈಗಲಾದರೋ ಒಬ್ಬನ ಮಾತನ್ನು ಕೋಟಿ ಜನರು ಕೇಳುವರು. ಅವರಲ್ಲಿ ಒಬ್ಬನ ಉತ್ತರವೂ ಆತನ ಕಿವಿಯನ್ನು ಮುಟ್ಟುವುದು ಕಷ್ಟ. ಹೀಗೆ ಮರುಮಾತಿಗೆ ಎಡೆಯಿಲ್ಲದ ಮಾತನ್ನು ಕೇಳುವವನ ಕರ್ತವ್ಯವೇನೆಂಬುದೇ ಇಲ್ಲಿ ವಿಚಾರಕ್ಕೆ ತಕ್ಕ ವಿಷಯ.

ಮೊದಲು ಪೂರ್ವಪಕ್ಷವನ್ನು ನೋಡೋಣ. ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ನೋಡಬಾರದುದನ್ನು ನೋಡದಿರಲು ಮನುಷ್ಯನಿಗೆ ಸಾಧ್ಯ. ಶಬ್ದವಾದರೋ ಕೇಳುವವನ ಅನುಮತಿಯನ್ನು ಬೇಡದೆ ಬಂದು ಬೀಳುತ್ತದೆ. ಯಾವುದು ಪುರುಷನ ಅಧೀನವಲ್ಲವೋ ಅದಕ್ಕೆ ವಿಧಿಯೂ ಇಲ್ಲ, ನಿಷೇಧವೂ ಇಲ್ಲ. ಆದಕಾರಣ ಪುಣ್ಯಪಾಪಗಳೆಲ್ಲ ಆಡುವವನಿಗೆ ಸಲ್ಲತಕ್ಕವು, ಕೇಳುವವನಿಗೆ ಅಲ್ಲ ಎಂದು ಒಬ್ಬನು ವಾದಿಸಬಹುದು. ಈ ವಾದವು ಹೊಸದೂ ಅಲ್ಲ. ಶ್ರವಣಕ್ಕೆ ವಿಧಿಯುಂಟೆ ಇಲ್ಲವೆ ಎಂಬುದು ವೇದಾಂತಿಗಳಲ್ಲಿ ದೊಡ್ಡ ಜಿಜ್ಞಾಸೆಯೇ ಆಗಿತ್ತು. ವಿವರಣಪ್ರಸ್ಥಾನದವರು ಉಂಟೆಂದರು, ಭಾಮತೀಪ್ರಸ್ಥಾನದವರು ಒಪ್ಪಲಿಲ್ಲ. ಪಾಠಶಾಲೆಯಲ್ಲಿ ಆ ಗ್ರಂಥಭಾಗವನ್ನು ಓದುವಾಗ ಇದು ಲೋಕಕ್ಕೆ ಪ್ರಯೋಜನವಿಲ್ಲದ ಕೂದಲು ಸೀಳುವ ಕೆಲಸವೆಂದು ನಾನು ಎಣಿಸಿದ್ದೆನು. ಈಗ ಹಾಗೆ ತೋರುವುದಿಲ್ಲ.

ಏಕೆಂದರೆ ಶಬ್ದವು ಕಿವಿಗೆ ಬೀಳುವುದು ಬೇರೆ, ಮನುಷ್ಯನು ಕೇಳುವುದು ಬೇರೆ. ಮನಸ್ಸು ಎಲ್ಲಿಯೋ ಇದ್ದಾಗ ಪಕ್ಕದಲ್ಲಿಯೇ ಕರೆದರೂ ನಮಗೆ ಕೇಳಿಸುವುದಿಲ್ಲ. ಇದು ಎಲ್ಲರ ಅನುಭವ. ಮನಸ್ಸು ಕೂಡಿದಲ್ಲದೆ ಶ್ರವಣವಿಲ್ಲ. ಮನಸ್ಸನ್ನು ಕೂಡಿಸುವುದೂ ಬಿಡಿಸುವುದೂ ಪುರುಷಪ್ರಯತ್ನ. ಬಾನುಲಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಕಿವಿಗೆ ರೆಪ್ಪೆಯಿಲ್ಲದಿದ್ದರೂ ಯಂತ್ರಕ್ಕೆ ಗುಂಡಿಯುಂಟು. ರಾಜಶಾಸನವೂ ಒಂದು ಕಾಲದಲ್ಲಿ ಇದನ್ನು ಒಪ್ಪಿತ್ತು. 1933ರ ಭಾರತೀಯ ನಿಸ್ತಂತು ಶಾಸನದಂತೆ ಲೈಸೆನ್ಸಿಲ್ಲದೆ ಬಾನುಲಿಯಂತ್ರವನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ನನ್ನ ಬಾಲ್ಯದಲ್ಲಿ ವರ್ಷವರ್ಷವೂ ಅಂಚೆಕಚೇರಿಗೆ ಹೋಗಿ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರುವ ಹಿರಿಯರನ್ನು ಕಂಡಿದ್ದೇನೆ. ಆ ಲೈಸೆನ್ಸು ಹೋಗಿ ಬಹಳ ಕಾಲವಾಯಿತು. ಹೋದುದು ಒಳ್ಳೆಯದೇ. ಆದರೆ ಕೇಳುವುದು ಒಂದು ಕರ್ಮ, ಅದಕ್ಕೆ ಕರ್ತನುಂಟು ಎಂಬ ತಿಳಿವಳಿಕೆಯು ಅದರೊಡನೆ ಹೋಗಬೇಕಾಗಿರಲಿಲ್ಲ.

ನಮ್ಮ ಭಾಷೆಯಲ್ಲಿ ಬಾನುಲಿಗೆ ಆಕಾಶವಾಣಿಯೆಂಬ ಹೆಸರು ನಿಂತುದು ಮೈಸೂರಿನಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಅವರ ಆ ಕಿರುಕೇಂದ್ರದ ಹೆಸರೇ ಮುಂದೆ ಭಾರತದೇಶದ ಬಾನುಲಿಗೆಲ್ಲ ಹೆಸರಾಯಿತು. ಪುರಾಣಗಳನ್ನು ಬಲ್ಲವರಿಗೆ ಈ ಹೆಸರು ಒಂದು ಎಚ್ಚರಿಕೆಯಂತೆಯೂ ಕೇಳಿಸಬೇಕು. ಭಾಗವತದಲ್ಲಿ ಕಂಸನು ತಂಗಿಯ ಮದುವೆಯ ಮೆರವಣಿಗೆಯಲ್ಲಿ ತಾನೇ ಸಾರಥಿಯಾಗಿ ಪ್ರೀತಿಯಿಂದ ರಥವನ್ನು ನಡೆಸುತ್ತಿದ್ದನು. ಆಗ ಅಶರೀರವಾಣಿಯಾಯಿತು: ಈಕೆಯ ಎಂಟನೆಯ ಗರ್ಭವು ನಿನ್ನನ್ನು ಕೊಲ್ಲುವುದೆಂದು. ಹೇಳಿದವರಾರೆಂದು ಅವನು ಕೇಳಲಿಲ್ಲ, ಏಕೆಂದು ಕೇಳಲಿಲ್ಲ, ಲಗಾಮು ಹಿಡಿದಿದ್ದ ಕೈಯೇ ಕತ್ತಿಯನ್ನು ಹಿಡಿಯಿತು. ಅದೇ ಭಾಗವತದಲ್ಲಿ ಪರೀಕ್ಷಿತನೂ ತನ್ನ ಮರಣದ ವಾರ್ತೆಯನ್ನೇ ಕೇಳಿದನು. ಏಳು ದಿನಗಳ ಅವಧಿ ಮಾತ್ರ ಅವನಿಗಿತ್ತು. ಅವನು ಗಂಗಾತೀರದಲ್ಲಿ ಕುಳಿತು, ಸಾಯುವವನು ಮಾಡತಕ್ಕುದೇನೆಂದು ಶುಕಮುನಿಯನ್ನು ಪ್ರಶ್ನಿಸಿದನು. ಉತ್ತರದ ಮೇಲೆ ಮತ್ತೆ ಪ್ರಶ್ನಿಸಿದನು. ಇಬ್ಬರಿಗೂ ಬಂದ ವಾರ್ತೆಯು ಒಂದೇ ಬಗೆಯದು, ಎರಡೂ ಸತ್ಯವಾದ ವಾರ್ತೆಗಳೇ. ಭೇದವು ಕೇಳಿದವರಲ್ಲಿ. ಒಬ್ಬನಿಗೆ ಶ್ರವಣವಾದೊಡನೆ ಕೃತಿ. ಇನ್ನೊಬ್ಬನಿಗೆ ಶ್ರವಣಕ್ಕೂ ಕೃತಿಗೂ ನಡುವೆ ಮನನ. ಯಾಜ್ಞವಲ್ಕ್ಯನು ಮೈತ್ರೇಯಿಗೆ ಶ್ರವಣ, ಮನನ, ನಿದಿಧ್ಯಾಸನ ಎಂಬ ಕ್ರಮವನ್ನು ಹೇಳಿದುದು ಮೋಕ್ಷಾರ್ಥಿಗಳಿಗೆ ಮಾತ್ರವಲ್ಲ, ಸುದ್ದಿಯನ್ನು ಕೇಳುವ ಗೃಹಸ್ಥನಿಗೂ ಅದೇ ದಾರಿಯೆಂದು ನನಗೆ ತೋರುತ್ತದೆ.

ಇದು ಪುರಾಣದ ಮಾತಷ್ಟೆ ಎಂದು ಯಾರೂ ಎಣಿಸಬಾರದು. 1994ರಲ್ಲಿ ಆಫ್ರಿಕಾಖಂಡದ ರುವಾಂಡಾದೇಶದಲ್ಲಿ ಒಂದು ಬಾನುಲಿ ಕೇಂದ್ರವು ಒಂದು ಜನಾಂಗದ ಮೇಲೆ ದ್ವೇಷವನ್ನು ದಿನದಿನವೂ ಬಿತ್ತಿತು. ಕೇಳಿದವರಲ್ಲಿ ಎಷ್ಟೋ ಜನರು ನೆರೆಹೊರೆಯವರನ್ನೇ ಕತ್ತಿಯಿಂದ ಕಡಿದರು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಲಿಯು ಆ ಕೇಂದ್ರದ ಸ್ಥಾಪಕರಲ್ಲಿ ಕೆಲವರನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಆದರೆ ಅದರಿಂದ ಕತ್ತಿ ಹಿಡಿದವರು ಬಿಡುಗಡೆಯಾಗಲಿಲ್ಲ. ಊರೂರಿನ ಜನನ್ಯಾಯಸಭೆಗಳ ಮುಂದೆ ಅವರೂ ನಿಲ್ಲಬೇಕಾಯಿತು. ‘ಬಾನುಲಿಯಲ್ಲಿ ಹೇಳಿದರು, ನಾವು ಮಾಡಿದೆವು’ ಎಂಬುದು ಯಾವ ನ್ಯಾಯಸ್ಥಾನದಲ್ಲಿಯೂ ಸಲ್ಲುವ ಸಮಾಧಾನವಲ್ಲ.

ನಮ್ಮ ಕಲಬುರಗಿಯ ಸೀಮೆಗೆ ಈ ವಿಷಯದಲ್ಲಿ ವಿಶೇಷವಾದ ಅನುಭವವುಂಟು. ನಮ್ಮ ಹಿರಿಯರು ನಿಜಾಮರ ಪ್ರಜೆಗಳಾಗಿದ್ದಾಗ ಹೈದರಾಬಾದಿನ ದಕ್ಕನ್ ರೇಡಿಯೋ ಬಹುಮಟ್ಟಿಗೆ ಉರ್ದುವಿನಲ್ಲಿ ಮಾತನಾಡುತ್ತಿತ್ತು. ಊರಿಗೆ ಒಂದು ಯಂತ್ರವಿದ್ದರೆ ಹೆಚ್ಚು. 1948ನೆಯ ಸೆಪ್ಟೆಂಬರ 17ರಂದು ನಿಜಾಮರು ಶರಣಾದ ವಾರ್ತೆಯು ಬಾನುಲಿಯಲ್ಲಿ ಬಂದಾಗ ಕಿವಿಯಾರೆ ಕೇಳಿದವರು ಕೆಲವರೇ. ಉಳಿದವರಿಗೆ ಅದು ಬಾಯಿಂದ ಬಾಯಿಗೆ ಮುಟ್ಟಿತು. ಆ ದಿನಗಳಲ್ಲಿ ವಾರ್ತೆಯನ್ನು ಕೇಳಿದವನು ಅದನ್ನು ಹೇಗೆ ಹೇಳಿದನೆಂಬುದರ ಮೇಲೆ ಓಣಿಯ ಶಾಂತಿ ನಿಂತಿತ್ತೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಕೇಳುವವನೇ ಆಡುವವನೂ ಆಗುವನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

1966ರಲ್ಲಿ ಕಲಬುರಗಿಗೇ ಆಕಾಶವಾಣಿ ಕೇಂದ್ರವು ಬಂದಿತು. ದೂರದರ್ಶನದ ಕಥೆಯಂತೂ ಇನ್ನೂ ವಿಚಿತ್ರವಾದುದು. ಬೆಂಗಳೂರಿನ ಜನರು ತಮ್ಮ ನಗರದ ದೂರದರ್ಶನಕ್ಕಾಗಿ 1981ರ ವರೆಗೆ ಕಾಯಬೇಕಾಯಿತು. ಆದರೆ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು 1975ರಲ್ಲಿಯೇ ಅದನ್ನು ಕಂಡವು. ಅಮೆರಿಕದವರು ತಮ್ಮ ಒಂದು ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟರು. 1975ನೆಯ ಆಗಸ್ಟ್ 1ರಿಂದ 1976ನೆಯ ಜುಲೈ 31ರ ವರೆಗೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಸಾರ್ವಜನಿಕ ಪೆಟ್ಟಿಗೆಗಳನ್ನಿಟ್ಟು, ತಂತಿಜಾಲರಿಯ ದೊಡ್ಡ ಕೊಡೆಗಳನ್ನು ನಿಲ್ಲಿಸಿ, ಬೇಸಾಯ, ಆರೋಗ್ಯ, ಕುಟುಂಬಯೋಜನೆ, ಮಕ್ಕಳ ಪಾಠ ಮುಂತಾದುವನ್ನು ದಿನಕ್ಕೆ ನಾಲ್ಕು ಗಂಟೆಗಳ ಕಾಲ ತೋರಿಸಿದರು. ಆಗ ನನಗೆ ಹದಿನೈದರ ಪ್ರಾಯ. ಸೋದರಮಾವನ ಹಳ್ಳಿಗೆ ಹೋದಾಗ ಸಂಜೆಯ ಹೊತ್ತು ನೆಲದ ಮೇಲೆ ಗುಂಪಾಗಿ ಕುಳಿತು ನೋಡಿದ ನೆನಪು ಇನ್ನೂ ಮಾಸಿಲ್ಲ. ಪೆಟ್ಟಿಗೆಯ ಮಾತಿಗಿಂತ ಹೆಚ್ಚಾಗಿ ಜನರ ಮಾತೇ ನನಗೆ ಕೇಳಿಸುತ್ತಿತ್ತು. ‘ಆ ಎರಿ ಭೂಮಿ ನಮ್ಮಂಥಾದಲ್ಲ’ ಎಂದು ಒಬ್ಬ ರೈತನು; ‘ಅಷ್ಟು ಹಾಲು ನಮ್ಮ ಕೂಸಿಗಿ ಎಲ್ಲಿಂದ ತರೋದವ್ವಾ’ ಎಂದು ಒಬ್ಬ ತಾಯಿ. ಪೆಟ್ಟಿಗೆಯು ಉತ್ತರವನ್ನು ಕೊಡಲಿಲ್ಲ. ಆದರೆ ಪಕ್ಕದವರು ಕೊಟ್ಟರು.

ಆ ಪ್ರಯೋಗವನ್ನು ನಡೆಸಿದವರು ನಿರ್ದಯರಲ್ಲ. ಕೆಲವು ಹಳ್ಳಿಗಳಲ್ಲಿ ವಿದ್ವಾಂಸರನ್ನು ವಾಸಕ್ಕಿಟ್ಟು, ನೋಡಿದವರು ಕಲಿತುದೇನೆಂದು ವಿಚಾರಿಸಿದರು. ಅದು ಮೆಚ್ಚತಕ್ಕ ಕೆಲಸ. ಆದರೆ ಪ್ರಶ್ನೆಗಳು ಕೇಳುವವರವು, ಉತ್ತರಗಳು ಮಾತ್ರ ಹಳ್ಳಿಯವರವು. ಆ ವರ್ಷವೆಲ್ಲ ತುರ್ತುಪರಿಸ್ಥಿತಿಯ ಕಾಲವಾಗಿತ್ತೆಂಬುದನ್ನೂ ಮರೆಯಬಾರದು. ಮೇಲಿನಿಂದ ಮಾತು ಧಾರಾಳವಾಗಿ ಇಳಿಯುತ್ತಿದ್ದಾಗ ಕೆಳಗಿನಿಂದ ಮಾತು ಏರಲು ದಾರಿಯಿರಲಿಲ್ಲ. ವರ್ಷ ತುಂಬಿದೊಡನೆ ಉಪಗ್ರಹವು ಹೋಯಿತು. 1977ರಲ್ಲಿ ಕಲಬುರಗಿಯಲ್ಲಿ ಪ್ರಸಾರಕೇಂದ್ರವು ನಿಂತುದರಿಂದ ಸುತ್ತಿನ ಹಳ್ಳಿಗಳಿಗೆ ಅನುಕೂಲವಾಯಿತು. ದೂರದವುಗಳಿಗೆ ಪೆಟ್ಟಿಗೆ ಮೂಕವಾಯಿತು. ದಾನವು ದೇಶಕಾಲಪಾತ್ರಗಳನ್ನು ಅರಿತು ಕೊಡತಕ್ಕುದೆಂದು ಗೀತೆಯು ಹೇಳುತ್ತದೆ. ಇಲ್ಲಿ ದೇಶಕಾಲಗಳನ್ನು ಚೆನ್ನಾಗಿ ಅಳೆದಿದ್ದರು. ಪಾತ್ರನನ್ನು ಮಾತ್ರ ‘ನಿನಗೇನು ಬೇಕಪ್ಪ?’ ಎಂದು ಮೊದಲು ಕೇಳಿರಲಿಲ್ಲ.

ಇದಕ್ಕಿಂತ ಮೊದಲೇ, 1956ರಲ್ಲಿ, ಪುಣೆಯ ಸುತ್ತಿನ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಬಾನುಲಿಯ ರೈತಮಂಡಲಗಳನ್ನು ಕಟ್ಟಿದ್ದರು. ಹಳ್ಳಿಯವರು ಒಟ್ಟಿಗೆ ಕುಳಿತು ಕೇಳುವುದು, ಕೇಳಿದ ಮೇಲೆ ಚರ್ಚಿಸುವುದು, ತಮ್ಮ ಸಂದೇಹಗಳನ್ನು ಬಾನುಲಿ ಕೇಂದ್ರಕ್ಕೆ ಬರೆಯುವುದು, ಕೇಂದ್ರದವರು ಮುಂದಿನ ಪ್ರಸಾರಗಳಲ್ಲಿ ಉತ್ತರಿಸುವುದು. ಈ ಪದ್ಧತಿಯು ಕೆನಡಾದೇಶದಿಂದ ಬಂದುದು. ಕೇಳು, ಚರ್ಚಿಸು, ಆಚರಿಸು ಎಂಬುದು ಅದರ ಸೂತ್ರ. ಶ್ರವಣಮನನನಿದಿಧ್ಯಾಸನಗಳನ್ನು ಓದಿದವನಿಗೆ ಈ ಸೂತ್ರವು ಪರದೇಶದ್ದೆಂದು ತೋರೀತೆ? ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ದಾರಿಯನ್ನು ಹಿಡಿದು ಮುಂದುವರಿದರೆ ಕಲ್ಯಾಣವು ಸಿಗುತ್ತದೆ. ಅಲ್ಲಿನ ಅನುಭವಮಂಟಪದಲ್ಲಿ ಕೇಳುವವರೆಲ್ಲರೂ ಆಡುವವರೂ ಆಗಿದ್ದರು. ಅದರಿಂದಲೇ ಅಲ್ಲಿಯ ಮಾತು ಇಂದಿಗೂ ಉಳಿದಿದೆ.

ಇಷ್ಟನ್ನು ಬರೆಯುವ ನಾನೇ ಈ ಧರ್ಮಕ್ಕೆ ತಪ್ಪಿದವನು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಕಮಲಾಪುರದ ಸೀಮೆಯ ಒಂದು ಶಾಲೆಯಲ್ಲಿ ಬಾನುಲಿ ಪಾಠವು ನಡೆಯುತ್ತಿತ್ತು. ಯಂತ್ರದೊಳಗಿನ ಅಕ್ಕನು ಒಂದು ಪ್ರಶ್ನೆಯನ್ನು ಕೇಳಿ, ಮಕ್ಕಳ ಉತ್ತರಕ್ಕಾಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಶಭಾಷ್ ಮಕ್ಕಳೇ’ ಎಂದಳು. ನಮ್ಮ ಮಕ್ಕಳೆಲ್ಲರೂ ತಪ್ಪುತ್ತರವನ್ನೇ ಕೂಗಿದ್ದರು. ಹಿಂದಿನ ಸಾಲಿನ ಒಬ್ಬ ಹುಡುಗನು ಎದ್ದು ನಿಂತು, ‘ಸರ್ರೀ, ನಾವು ತಪ್ಪ್ ಹೇಳಿದ್ರೂ ಅವ್ರು ಶಭಾಷ್ ಅಂದ್ರಲ್ರೀ. ಅವ್ರಿಗಿ ನಮ್ ಮಾತ್ ಕೇಳಸ್ತದೇನ್ರಿ?’ ಎಂದನು. ಪಾಠಕ್ಕೆ ಭಂಗವಾಯಿತೆಂಬ ಕೋಪದಿಂದ ನಾನು, ‘ಅಧಿಕಪ್ರಸಂಗ ಬ್ಯಾಡ. ಅವರು ಹೇಳ್ತಾರ, ನೀ ಸುಮ್ಮ ಕೂತು ಕೇಳು’ ಎಂದು ಗದರಿಸಿದೆನು. ಉಳಿದವರು ನಕ್ಕರು. ಆ ಹುಡುಗನು ಮತ್ತೆ ನನ್ನ ತರಗತಿಯಲ್ಲಿ ಪ್ರಶ್ನೆಯನ್ನು ಕೇಳಲಿಲ್ಲ. ಎರಡು ವರ್ಷಗಳ ಮೇಲೆ ತಂದೆತಾಯಿಗಳೊಡನೆ ಕೂಲಿಗಾಗಿ ಊರು ಬಿಟ್ಟನು. ನನ್ನ ಮಾತಿನಿಂದಲೇ ಓದು ಬಿಟ್ಟನೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಆ ದಿನ ಆ ತರಗತಿಯಲ್ಲಿ ಮನನವನ್ನು ಮಾಡಿದವನು ಅವನೊಬ್ಬನೇ. ಯಂತ್ರಕ್ಕೆ ಕಿವಿಯಿರಲಿಲ್ಲ, ಅದು ಯಂತ್ರದ ದೋಷವಲ್ಲ. ಆದರೆ ಎದುರಿಗೆ ನಿಂತಿದ್ದ ನನಗೆ ಎರಡು ಕಿವಿಗಳಿದ್ದುವು. ಯಂತ್ರದ ಕೊರತೆಯನ್ನು ತುಂಬುವುದಕ್ಕಾಗಿಯೇ ಅಲ್ಲಿ ಒಬ್ಬ ಉಪಾಧ್ಯಾಯನನ್ನು ಇಟ್ಟಿದ್ದರು. ನಾನು ಎರಡನೆಯ ಯಂತ್ರವಾಗಿ ನಿಂತೆನು. ಮೂವತ್ತು ವರ್ಷಗಳ ಕಾಲ ನಾನು ಮಾಡಿದುದರಲ್ಲಿ ಪಾಠವೆಷ್ಟು, ಪ್ರಸಾರವೆಷ್ಟು ಎಂದು ನಿವೃತ್ತಿಯಾದ ಮೇಲೆ ಆಗಾಗ ಲೆಕ್ಕ ಹಾಕುತ್ತೇನೆ. ಲೆಕ್ಕವು ನನಗೆ ಹಿತವಾಗಿ ಬರುವುದಿಲ್ಲ.

ಹಾಗಾದರೆ ಸಿದ್ಧಾಂತವೇನು? ಮರುಮಾತಿಗೆ ಎಡೆಯಿಲ್ಲದ ಮಾತನ್ನು ಕೇಳಬಾರದೆಂದಲ್ಲ. ಹಾಗೆಂದರೆ ಗ್ರಂಥವನ್ನೂ ಓದಬಾರದೆಂದಾಗುವುದು. ಅಂಥ ಮಾತನ್ನು ಒಬ್ಬನೇ ಕೇಳಿ ಒಬ್ಬನೇ ನಂಬಬಾರದು. ಆಡಿದವನನ್ನು ಪ್ರಶ್ನಿಸಲಾಗದಿದ್ದರೆ ಜೊತೆಯಲ್ಲಿ ಕೇಳಿದವನನ್ನಾದರೂ ಪ್ರಶ್ನಿಸಬೇಕು. ಕೇಳಿದುದಕ್ಕೂ ಅದನ್ನು ಇನ್ನೊಬ್ಬರಿಗೆ ದಾಟಿಸುವುದಕ್ಕೂ ನಡುವೆ ಒಂದು ರಾತ್ರಿಯಾದರೂ ಕಳೆಯಬೇಕು. ಹಿಂದೆ ಊರಿಗೊಂದು ಪೆಟ್ಟಿಗೆಯಿದ್ದುದರಿಂದ ಮನನವು ತಾನಾಗಿಯೇ ನಡೆಯುತ್ತಿತ್ತು. ಈಗ ಮನೆಯ ಒಬ್ಬೊಬ್ಬರ ಕೈಯಲ್ಲಿಯೂ ಮೊಬೈಲು ಇದೆ. ನಾಲ್ವರು ಒಂದೇ ಪಡಸಾಲೆಯಲ್ಲಿ ಕುಳಿತು ನಾಲ್ಕು ಅಶರೀರವಾಣಿಗಳನ್ನು ಕೇಳುತ್ತಾರೆ. ಒಂದು ಬೆರಳಿನಿಂದ ಒತ್ತಿದರೆ ಕೇಳಿದುದು ನೂರು ಮನೆಗಳಿಗೆ ಹೋಗುತ್ತದೆ. ಕಂಸನ ಕತ್ತಿಗಾದರೂ ಒರೆಯಿಂದ ಹೊರಗೆ ಬರುವಷ್ಟು ಹೊತ್ತು ಬೇಕಾಗಿತ್ತು.

ಆಡುವವನಿಗೂ ಇದರಲ್ಲಿ ಪಾಲುಂಟು. ಕೇಳುವವರ ಮಾತು ತನ್ನನ್ನು ಮುಟ್ಟುವ ದಾರಿಯನ್ನು ತೆರೆದಿಡದೆ ಆಡುವುದು ಅರ್ಧಧರ್ಮ. ಅದು ಆಕಾಶವಾಣಿಗೂ ಸಲ್ಲುತ್ತದೆ, ಉಪಾಧ್ಯಾಯನಿಗೂ ಸಲ್ಲುತ್ತದೆ, ಮನೆಯ ಯಜಮಾನನಿಗೂ ಸಲ್ಲುತ್ತದೆ. ಈಗ ನನ್ನ ಮೊಮ್ಮಗಳು ಏನನ್ನಾದರೂ ನೋಡುತ್ತ ‘ಅಜ್ಜ, ಇದು ಖರೇನಾ?’ ಎಂದು ಕೇಳಿದಾಗ ನಾನು ಕೈಯಲ್ಲಿರುವ ಪುಸ್ತಕವನ್ನು ಕೆಳಗಿಡುತ್ತೇನೆ. ಉತ್ತರವು ಎಷ್ಟೋ ಸಲ ನನಗೂ ತಿಳಿದಿರುವುದಿಲ್ಲ. ಇಬ್ಬರೂ ಕೂಡಿ ಹುಡುಕುತ್ತೇವೆ. ಆ ಹುಡುಗನು ಎಲ್ಲಿಯೇ ಇರಲಿ, ಅವನ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಹೀಗೆ ಕಂತುಕಂತಾಗಿ ತೀರಿಸುತ್ತಿದ್ದೇನೆಂದು ಎಣಿಸಿಕೊಳ್ಳುತ್ತೇನೆ. ಋಣವು ಪೂರ್ತಿಯಾಗಿ ತೀರುವಂಥದಲ್ಲ.