ಕಾಯುವ ಪ್ರೇಮ

ಕರ್ತವ್ಯಕ್ಕಾಗಿ ತಡೆದ ಪ್ರೇಮವು ಬಾಡುವುದೋ, ಮಾಗುವುದೋ? ಸಿಂಗಾಪುರದಲ್ಲಿ ಸ್ವತಂತ್ರವಾಗಿ ವೃತ್ತಿ ನಡೆಸುತ್ತಿದ್ದ ವೈದ್ಯೆ ಲಕ್ಷ್ಮೀ ಸ್ವಾಮಿನಾಥನ್ನರು 1943ರಲ್ಲಿ ಆಜಾದ್ ಹಿಂದ್ ಸೇನೆಯ ಝಾನ್ಸಿ ರಾಣಿ ದಳಕ್ಕೆ ನಾಯಕಿಯಾದರು. ಅದೇ ಸೇನೆಯ ಪ್ರೇಮಕುಮಾರ ಸೆಹಗಲ್ಲರು ಬರ್ಮಾದಲ್ಲಿ ಸೆರೆಸಿಕ್ಕು, 1945ರಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ವಿಚಾರಣೆಗೆ ಗುರಿಯಾಗಿ, 1946ರಲ್ಲಿ ಬಿಡುಗಡೆ ಹೊಂದಿದರು. ಇವರ ವಿವಾಹವು ನಡೆದುದು 1947ರ ಮಾರ್ಚಿ ತಿಂಗಳಲ್ಲಿ, ಲಾಹೋರಿನಲ್ಲಿ.

ರಣದ ಗುಂಡು ಯಾರ ಮದುವೆಗೂ ಕಾಯುವುದಿಲ್ಲ; ಆದುದರಿಂದ ತಡಮಾಡುವುದು ಅವಿವೇಕವೆಂದು ಕೆಲವರು ಹೇಳಿಯಾರು. ಆದರೆ ಆತುರದ ಪ್ರೇಮವು ಹೆಣ್ಣನ್ನು ಆಕೆಯ ಕಾರ್ಯದಿಂದ ಬಿಡಿಸಿ ತನ್ನವಳಾಗಿಸಿಕೊಳ್ಳಬಯಸುವುದು. ಸಂಯಮವುಳ್ಳ ಪ್ರೇಮವು ಆ ಕಾರ್ಯವನ್ನೂ ಗೌರವಿಸುವುದು. ವಿವಾಹಾನಂತರವೂ ಲಕ್ಷ್ಮಿಯವರು ಕಾನ್ಪುರದಲ್ಲಿ ಬಡವರ ಚಿಕಿತ್ಸೆಯಲ್ಲಿಯೇ ಬಾಳಿದರು. ಕಾಯಬಲ್ಲ ಪ್ರೇಮವೇ ಇನ್ನೊಬ್ಬರ ಸ್ವಾತಂತ್ರ್ಯವನ್ನು ಕಾಯಬಲ್ಲುದು.