ಇಕ್ಕಟ್ಟಿನ ಮನೆ ಮತ್ತು ಪರಿಗ್ರಹ ಪರಿಮಾಣ

ಮನೆಯ ನವೀಕರಣ ನಡೆಯುವಾಗ ಇಡೀ ಕುಟುಂಬವು ಕೆಲವು ತಿಂಗಳು ಒಂದೆರಡು ಕೋಣೆಗಳಲ್ಲಿ ಬಾಳಬೇಕಾಗುತ್ತದೆ. ಒಂದು ಮೂಲೆಯಲ್ಲಿ ಅಡುಗೆ, ಇನ್ನೊಂದರಲ್ಲಿ ಹಿರಿಯರ ಸಾಮಾಯಿಕ, ನಡುವೆ ಮಕ್ಕಳ ಪಾಠ. ಉಳಿದ ಸಾಮಾನುಗಳೆಲ್ಲ ಮೂಟೆಗಳಲ್ಲಿ. ನಾಲ್ಕು ಪಾತ್ರೆ, ನಾಲ್ಕು ಜೊತೆ ಬಟ್ಟೆಗಳಲ್ಲಿ ದಿನಗಳು ಸಾಗುತ್ತವೆ. ಹಾಗಾದರೆ ಈ ಸಂಸಾರವು ಅಪರಿಗ್ರಹವನ್ನು ಆಚರಿಸಿದಂತಾಯಿತೇ?

ಇಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ವಸ್ತುಗಳ ಎಣಿಕೆಯಿಂದಲ್ಲ, ಮೂರ್ಛೆಯಿಂದ, ಅಂದರೆ ಮಮತ್ವದಿಂದ ಗುರುತಿಸಿದ್ದಾರೆ. ಮೂಟೆಯೊಳಗಿನ ವಸ್ತುಗಳ ಚಿಂತೆಯಲ್ಲಿಯೇ ನಿದ್ರೆಗೆಡುವವನಿಗೆ ಇಕ್ಕಟ್ಟಿನ ಕೋಣೆಯೂ ಪರಿಗ್ರಹದ ಅರಮನೆಯೇ. ನಿರುಪಾಯದಿಂದ ಸಹಿಸಿದ ಕಷ್ಟವನ್ನು ಶಾಸ್ತ್ರವು ಅಕಾಮ ನಿರ್ಜರೆ ಎನ್ನುತ್ತದೆ. ಅದಕ್ಕೂ ಫಲವುಂಟು, ಆದರೆ ಅದು ವ್ರತವಲ್ಲ. ವ್ರತಕ್ಕೆ ಸಂಕಲ್ಪ ಬೇಕು.

ಆದರೂ ಈ ಇಕ್ಕಟ್ಟು ವ್ಯರ್ಥವಲ್ಲ. ಎಷ್ಟು ಸಾಕು ಎಂಬುದನ್ನು ಅದು ಉಪದೇಶವಿಲ್ಲದೆ ಅಳೆದು ತೋರಿಸುತ್ತದೆ. ಅಣುವ್ರತಿಯು ಮಿತಿಗೊಳಿಸಬೇಕಾದ ಪರಿಗ್ರಹಗಳಲ್ಲಿ ಕ್ಷೇತ್ರದೊಡನೆ ವಾಸ್ತುವೂ, ಅಂದರೆ ಮನೆಯೂ, ಸೇರಿದೆ. ಮನೆ ಕಟ್ಟುವುದು ಶ್ರಾವಕನಿಗೆ ನಿಷಿದ್ಧವಲ್ಲ. ನೆಲ ಅಗೆಯುವಲ್ಲಿ ಆಗುವ ಆರಂಭೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯ. ಆದರೆ ಈ ಅನಿವಾರ್ಯತೆಯು ಅಗತ್ಯದ ಗೋಡೆಗಳಿಗೆ ಮಾತ್ರ. ಪ್ರದರ್ಶನಕ್ಕಾಗಿ ಏಳುವ ಗೋಡೆಗಳಿಗೆ ಅಲ್ಲ.

ಇಲ್ಲೊಂದು ಎಚ್ಚರವೂ ಬೇಕು. ಯಜಮಾನನು ತನ್ನ ಮಿತವ್ರತವನ್ನು ವೃದ್ಧರ ಹಾಸಿಗೆಯ ಮೇಲೆ, ಸೊಸೆಯ ಏಕಾಂತದ ಮೇಲೆ ಹೇರಬಾರದು. ಮಿತಿಯು ಮೊದಲು ತನ್ನ ವಸ್ತುಗಳಿಂದಲೇ ಆರಂಭವಾಗಬೇಕು.

ಕೆಲಸ ಮುಗಿದು ಮೂಟೆಗಳನ್ನು ಬಿಚ್ಚುವ ದಿನವೇ ನಿಜವಾದ ಪರೀಕ್ಷೆಯ ದಿನ. ಅಷ್ಟು ತಿಂಗಳು ನೆನಪಿಗೇ ಬಾರದಿದ್ದ ವಸ್ತುಗಳನ್ನು ಇಲ್ಲದವರಿಗೆ ಕೊಟ್ಟು, ಉಳಿದವಕ್ಕೆ ಪರಿಮಾಣವನ್ನು ನಿಶ್ಚಯಿಸಿದಾಗ, ನಿರ್ಬಂಧವಾಗಿ ಬಂದುದು ವ್ರತವಾಗಿ ಪರಿಣಮಿಸುತ್ತದೆ.