ನಕಲುಗಳಿಗೆ ವಿಳಾಸ ಬೇಕೇ?

ಒಂದೇ ಕೆಲಸದ ಜೀನು ಒಂದೇ ಜೀನೋಮಿನಲ್ಲಿ ಹತ್ತಾರು ಕಡೆ ಮತ್ತೆ ಮತ್ತೆ ಕಾಣಿಸಿಕೊಂಡರೆ ಅದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಟಿ-ಆರ್‌ಎನ್‌ಎ ಜೀನುಗಳು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮುಂದಿಡುತ್ತವೆ. ಟಿ-ಆರ್‌ಎನ್‌ಎ ಒಂದು ಪುಟ್ಟ ಅಣು, ಉದ್ದ ಸುಮಾರು 70ರಿಂದ 90 ಅಕ್ಷರ. ಒಂದು ತುದಿಯಲ್ಲಿ ಅಮೈನೊ ಆಮ್ಲವನ್ನು ಹೊತ್ತು, ಇನ್ನೊಂದು ಕಡೆಯ ಮೂರು ಅಕ್ಷರಗಳಿಂದ, ಮೂರಕ್ಷರದ ಸಂಕೇತವಾದ ಕೋಡಾನನ್ನು ಗುರುತಿಸಿ, ಬೆಳೆಯುತ್ತಿರುವ ಪ್ರೋಟೀನಿಗೆ ಸರಿಯಾದ ಕೊಂಡಿಯನ್ನು ಒದಗಿಸುವುದು ಅದರ ಕೆಲಸ. ಅಮೈನೊ ಆಮ್ಲಗಳನ್ನು ಸೂಚಿಸುವ ಕೋಡಾನುಗಳು 61. ಕೆಲವು ಟಿ-ಆರ್‌ಎನ್‌ಎಗಳು ಒಂದಕ್ಕಿಂತ ಹೆಚ್ಚು ಕೋಡಾನುಗಳನ್ನು ಓದುವುದರಿಂದ ಅಷ್ಟು ಬಗೆಗಳೂ ಬೇಕಿಲ್ಲ. ಆದರೂ 2001ರಲ್ಲಿ ಪ್ರಕಟವಾದ ಮಾನವ ಜೀನೋಮಿನ ಕರಡಿನಲ್ಲಿ ಇಂಥ 497 ಜೀನುಗಳು ಸಿಕ್ಕವು. ಹಣ್ಣುನೊಣದಲ್ಲಿ ಸುಮಾರು 300 ಇವೆ; ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗಾನ್ಸ್ ಹುಳುವಿನಲ್ಲಿ ಸುಮಾರು 600. ಹಾಗಾಗಿ ಈ ಸಂಖ್ಯೆಯನ್ನು ದೇಹದ ಸಂಕೀರ್ಣತೆಯ ಅಳತೆಗೋಲು ಎಂದು ಹಿಡಿಯುವಂತಿಲ್ಲ.

ಇವು ಕುಳಿತಿರುವ ಜಾಗಗಳಲ್ಲಂತೂ ಎಲ್ಲ ಪ್ರಾಣಿಗಳಿಗೂ ಹೊಂದುವ ಸೂತ್ರವೇ ಇಲ್ಲ. ಆಫ್ರಿಕಾದ ಕ್ಸೆನೋಪಸ್ ಕಪ್ಪೆಯಲ್ಲಿ ಸುಮಾರು 3,180 ಅಕ್ಷರಗಳ ಒಂದು ತುಣುಕಿದೆ. ಅದರೊಳಗೆ ಬೇರೆಬೇರೆ ಬಗೆಯ 8 ಟಿ-ಆರ್‌ಎನ್‌ಎ ಜೀನುಗಳಿವೆ. ಇಡೀ ತುಣುಕೇ ಒಂದರ ಬೆನ್ನಿಗೊಂದರಂತೆ 100ಕ್ಕೂ ಹೆಚ್ಚು ಸಲ ಮರುಕಳಿಸುತ್ತದೆ. ಹಣ್ಣುನೊಣದ ಎರಡನೆಯ ವರ್ಣತಂತುವಿನ 42ಎ ಪಟ್ಟಿಯಲ್ಲಿ ಆಸ್ಪರಜಿನ್, ಲೈಸಿನ್, ಆರ್ಜಿನಿನ್‌ಗಳ ಟಿ-ಆರ್‌ಎನ್‌ಎ ಜೀನುಗಳು ಗುಂಪುಗೂಡಿವೆ, ಆದರೆ ಅಂತರ ಸಮವಿಲ್ಲ, ಕೆಲವು ಈ ದಿಕ್ಕಿಗೆ ಮುಖಮಾಡಿದ್ದರೆ ಕೆಲವು ಆ ದಿಕ್ಕಿಗೆ. ಇನ್ನು ಮನುಷ್ಯನಲ್ಲಿ ಬಹುಪಾಲು ಚದುರಿ ಹೋಗಿವೆ. ಆದರೂ 2001ರ ಎಣಿಕೆಯಂತೆ 140 ಜೀನುಗಳು ಆರನೆಯ ವರ್ಣತಂತುವಿನ ಸುಮಾರು 40 ಲಕ್ಷ ಅಕ್ಷರಗಳ ಒಂದೇ ಪ್ರದೇಶದಲ್ಲಿ ಒತ್ತೊತ್ತಾಗಿವೆ. ಇಷ್ಟು ಭಿನ್ನ ಜೋಡಣೆಗಳಿಂದ ಒಂದೇ ಬಗೆಯ ಕೆಲಸ ನಡೆಯುತ್ತಿರುವಾಗ, ವಿಕಾಸ ಕಾಪಾಡಿಕೊಂಡು ಬಂದಿರುವುದು ಜೋಡಣೆಯನ್ನಲ್ಲ ಎಂದೇ ನನ್ನ ವಾದ. ಕಾಪಾಡಿರುವುದು ಜೀವಕೋಶಕ್ಕೆ ಒಟ್ಟಾರೆ ಸಿಗುವ ಟಿ-ಆರ್‌ಎನ್‌ಎಗಳ ಪ್ರಮಾಣವನ್ನು.

ಇದು ಸಾಧ್ಯವಾಗಲು ಕಾರಣ ಈ ಜೀನುಗಳ ರಚನೆಯಲ್ಲೇ ಇದೆ. ಹೆಚ್ಚಿನ ಜೀನುಗಳಿಗೆ ನಕಲು ಆರಂಭಿಸುವ ಸೂಚನೆ ಹೊರಗೆ, ಮುಂಭಾಗದಲ್ಲಿರುತ್ತದೆ. ಟಿ-ಆರ್‌ಎನ್‌ಎ ಜೀನಿನಲ್ಲಿ ಎ ಮತ್ತು ಬಿ ಎಂಬ ಎರಡು ಮುಖ್ಯ ಸೂಚನೆಗಳು ಜೀನಿನ ಒಡಲಲ್ಲೇ ಇವೆ. ಆದ್ದರಿಂದ ಅದರ ಒಂದು ಪ್ರತಿ ಎಲ್ಲಿಗೆ ಹೋಗಿ ಬಿದ್ದರೂ ಕೆಲಸ ಶುರುಮಾಡಲು ಬೇಕಾದ ಮೂಲ ಸಾಮಗ್ರಿ ಅದರ ಜೊತೆಯಲ್ಲೇ ಹೋಗುತ್ತದೆ. ಪ್ರತಿಗಳು ಹುಟ್ಟುತ್ತವೆ, ಕೆಡುತ್ತವೆ, ಅಳಿಯುತ್ತವೆ. ಹತ್ತಿರದ ಬಂಧುಪ್ರಾಣಿಗಳಲ್ಲಿ ಉಳಿದಿರುವ ನೆರೆಹೊರೆ ದೂರದ ಬಂಧುಗಳಲ್ಲಿ ಬೇಗನೆ ಕಳೆದುಹೋಗುತ್ತದೆ. ಮನುಷ್ಯ, ಮಕಾಕ್ ಕೋತಿ, ಇಲಿ, ಹೆಗ್ಗಣ, ನಾಯಿ, ಒಪೊಸಮ್ ಎಂಬ ಆರು ಸಸ್ತನಿಗಳ ಯಕೃತ್ತನ್ನು ಹೋಲಿಸಿದ 2011ರ ಒಂದು ಅಧ್ಯಯನ ಈ ವಾದಕ್ಕೆ ಗಟ್ಟಿ ಆಧಾರ. ಯಾವ ಪ್ರತಿ ಚುರುಕಾಗಿದೆ, ಯಾವುದು ಸುಮ್ಮನಿದೆ ಎನ್ನುವುದು ಪ್ರಾಣಿಯಿಂದ ಪ್ರಾಣಿಗೆ ಬದಲಾಗಿತ್ತು. ಒಂದೊಂದು ಬಗೆಯ ಒಟ್ಟು ಚಟುವಟಿಕೆ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿತ್ತು. ಕೆರೆ ತುಂಬಿದ್ದರೆ ನೀರು ಯಾವ ಕಾಲುವೆಯಿಂದ ಬಂತೆಂದು ಗದ್ದೆ ಕೇಳುವುದಿಲ್ಲ.

ಆರನೆಯ ವರ್ಣತಂತುವಿನ ಆ ದಟ್ಟಣೆ ಆಕಸ್ಮಿಕವಾಗಿರಲು ಸಾಧ್ಯವೇ ಎಂದು ಯಾರಾದರೂ ಕೇಳಬಹುದು. ಜೀನುಗಳು ಸದಾ ತೆರೆದಿರುವ ಪ್ರದೇಶದಲ್ಲಿ ನೆಲೆಸಿದ ಪ್ರತಿಗಳು ಉಳಿದುಕೊಳ್ಳುವ ಸಂಭವ ಹೆಚ್ಚು, ಅದನ್ನು ಒಪ್ಪೋಣ. ಆದರೆ ಅದು ಯೋಜಿತ ಉಗ್ರಾಣವಾಗಿದ್ದರೆ ಆಸ್ಪರಜಿನ್, ಸಿಸ್ಟೀನ್, ಗ್ಲುಟಾಮಿಕ್ ಆಮ್ಲದಂಥ ಅಗತ್ಯ ಬಗೆಗಳೇ 2001ರ ಎಣಿಕೆಯಲ್ಲಿ ಅಲ್ಲಿ ಕಾಣದಿರುವುದೇಕೆ? ಸಿಸ್ಟೀನಿನ ಜೀನುಗಳ ದೊಡ್ಡ ಗುಂಪು ಏಳನೆಯ ವರ್ಣತಂತುವಿನಲ್ಲಿದೆ. ಇದು ಇತಿಹಾಸ ಬಿಟ್ಟುಹೋದ ಗುರುತು. ಉದ್ದೇಶದ ನಕ್ಷೆ ಎಂದು ಓದಲು ಆಧಾರ ಸಾಲದು.

ಇದಕ್ಕಿಂತ ಬಲವಾದ ಆಕ್ಷೇಪ ರೇಷ್ಮೆ ಹುಳುವಿನಿಂದ ಬರುತ್ತದೆ. ಗೂಡು ಕಟ್ಟುವ ಹೊತ್ತಿಗೆ ಹುಳುವಿನ ಹಿಂಭಾಗದ ರೇಷ್ಮೆ ಗ್ರಂಥಿ ಅಪಾರ ಪ್ರಮಾಣದಲ್ಲಿ ಫೈಬ್ರೋಯಿನ್ ತಯಾರಿಸುತ್ತದೆ. ಆ ಪ್ರೋಟೀನಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಗ್ಲೈಸೀನ್, ಅದರ ನಂತರದ ಸ್ಥಾನ ಅಲನೀನಿನದು. ಅದಕ್ಕೆ ತಕ್ಕಂತೆ ಗ್ರಂಥಿಯಲ್ಲಿ ಈ ಎರಡರ ಟಿ-ಆರ್‌ಎನ್‌ಎಗಳೂ ಹೆಚ್ಚುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಪಿ. ಗೋಪಿನಾಥನ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ಈ ಹುಳುವಿನ ಗ್ಲೈಸೀನ್ ಟಿ-ಆರ್‌ಎನ್‌ಎ ಜೀನುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಜೀನಿನ ಒಡಲು ಒಂದೇ ಆಗಿದ್ದರೂ ಕೆಲವು ಪ್ರತಿಗಳು ಹೆಚ್ಚು, ಕೆಲವು ತೀರ ಕಡಿಮೆ ಆರ್‌ಎನ್‌ಎ ಕೊಡುತ್ತಿದ್ದವು. ಆ ವ್ಯತ್ಯಾಸ ಅಕ್ಕಪಕ್ಕದ ಡಿಎನ್‌ಎಯಿಂದ ಬರುತ್ತಿತ್ತು. ಅಂದಮೇಲೆ ಜಾಗಕ್ಕೆ ಬೆಲೆಯಿದೆ. ನಿಜ. ಆದರೆ ಆ ಬೆಲೆ ಸಲ್ಲುವುದು ಎಲ್ಲಿಗೆ? ಒಂದು ಪ್ರತಿ ಒಟ್ಟು ಮೊತ್ತಕ್ಕೆ ಎಷ್ಟು ಸೇರಿಸುತ್ತದೆ ಎಂಬಲ್ಲಿಗೆ. ಈ ಸೂಕ್ಷ್ಮ ಕೆಲಸ ನನ್ನ ವಾದವನ್ನು ಕೆಡವುವುದಿಲ್ಲ, ಮೊತ್ತ ಹೇಗೆ ಕೂಡಿಬರುತ್ತದೆಂದು ತೋರಿಸುತ್ತದೆ.

ವಾದವನ್ನು ತಿದ್ದಿಕೊಳ್ಳಲೇಬೇಕಾದ ಸಾಕ್ಷ್ಯ ಇಲಿಯದು. ಎಜಿಎ ಎಂಬ ಆರ್ಜಿನಿನ್ ಕೋಡಾನನ್ನು ಓದುವ ಟಿ-ಆರ್‌ಎನ್‌ಎಗೆ ಇಲಿಯಲ್ಲಿ 5 ಜೀನುಗಳಿವೆ. ಅವುಗಳಲ್ಲಿ ಒಂದು ಮುಖ್ಯವಾಗಿ ನರಮಂಡಲದಲ್ಲಿ ಕೆಲಸ ಮಾಡುತ್ತದೆ. ಪ್ರಯೋಗಾಲಯಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಒಂದು ಇಲಿ ತಳಿಯಲ್ಲಿ ಆ ಜೀನು ಕೆಟ್ಟಿದೆ. ಇಲಿ ಬದುಕುತ್ತದೆ, ಆದರೆ ಜಿಟಿಪಿಬಿಪಿ2 ಎಂಬ ಇನ್ನೊಂದು ಜೀನೂ ಇಲ್ಲವಾದರೆ ಪ್ರೋಟೀನು ಕಟ್ಟುವ ರೈಬೋಸೋಮುಗಳು ಆ ಕೋಡಾನಿನ ಬಳಿ ತಡೆದು ನಿಲ್ಲುತ್ತವೆ, ನರಕೋಶಗಳು ಸಾಯುತ್ತವೆ. 2014ರಲ್ಲಿ ಪ್ರಕಟವಾದ ಈ ಫಲಿತಾಂಶ ಹೇಳುವುದು ಇಷ್ಟು: ಮೊತ್ತವನ್ನು ಇಡೀ ಪ್ರಾಣಿಗೆ ಸೇರಿಸಿ ಲೆಕ್ಕ ಹಾಕಿದರೆ ಸಾಲದು, ಅಂಗಾಂಶದಿಂದ ಅಂಗಾಂಶಕ್ಕೆ ಹಾಕಬೇಕು. ಯಕೃತ್ತಿನಲ್ಲಿ ಇದ್ದರೂ ಇಲ್ಲದಿದ್ದರೂ ನಡೆಯುವ ಪ್ರತಿ ಮಿದುಳಿನಲ್ಲಿ ಅನಿವಾರ್ಯವಾಗಿರಬಹುದು. ಒಂದು ಜೀನಿಗೆ ಬದಲಿಯಿದೆಯೇ ಎಂಬುದಕ್ಕೆ ಅದರ ಅಕ್ಷರಗಳನ್ನಷ್ಟೇ ನೋಡಿ ಉತ್ತರ ಹೇಳಲಾಗದು. ಅದು ಇರುವ ಸಂದರ್ಭವನ್ನೂ ನೋಡಬೇಕು.

ಹೀಗಾಗಿ ಮರುಕಳಿಕೆಯನ್ನು ಕಂಡಾಕ್ಷಣ ಹೆಚ್ಚುವರಿ ಎಂದು ತಳ್ಳಿಹಾಕುವುದೂ ತಪ್ಪು, ಗುಂಪನ್ನು ಕಂಡಾಕ್ಷಣ ಉದ್ದೇಶವನ್ನು ಆರೋಪಿಸುವುದೂ ತಪ್ಪು. ಹೊಸ ಹೊಸ ಪ್ರಾಣಿಗಳ ಜೀನೋಮುಗಳು ಪ್ರಕಟವಾಗುತ್ತಿರುವ ಈ ಕಾಲದಲ್ಲಿ ಟಿ-ಆರ್‌ಎನ್‌ಎ ಜೀನುಗಳ ಸಂಖ್ಯೆ ಮತ್ತು ವಿಳಾಸದ ಪಟ್ಟಿಯನ್ನು ಕಂಪ್ಯೂಟರು ಸುಲಭವಾಗಿ ಕೊಡುತ್ತದೆ. ಆ ಪಟ್ಟಿಗೆ ಇನ್ನೊಂದು ಕಾಲಂ ಸೇರಬೇಕು: ಯಾವ ಪ್ರತಿ, ಯಾವ ಅಂಗಾಂಶದಲ್ಲಿ, ಎಷ್ಟು ಕೆಲಸ ಮಾಡುತ್ತಿದೆ ಎಂಬುದು. ಅದನ್ನು ಪ್ರಯೋಗದಿಂದ ಅಳೆದೇ ತುಂಬಬೇಕು.